ತಡೆಹಿಡಿದ ಶಕ್ತಿ: ಹೂಗಿಡಗಳ ಹೆಣ್ಣುಕೋಶಗಳಲ್ಲಿ ಜೀನ್‌ಗಳ ನಡೆ



ನಾವು ಉಣ್ಣುವ ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿ, ಪಲ್ಯಕ್ಕೆ ಹಾಕುವ ಕಾಯಿತುರಿ, ಇವೆಲ್ಲವೂ ಹೂವಿನೊಳಗಿನ ಒಂದು ಬಗೆಯ ಹೆಣ್ಣುಕೋಶದಿಂದ ಬಂದವು. ಹೂವಿನ ಬುಡದಲ್ಲಿ ಅಂಡಾಶಯವಿದೆ, ಅಂಡಾಶಯದೊಳಗೆ ಅಂಡಕ, ಅಂಡಕದೊಳಗೆ ಭ್ರೂಣಚೀಲ. ಆ ಚೀಲದ ನಡುವಿನ ಮಧ್ಯಕೋಶಕ್ಕೆ ಪರಾಗ ತಂದ ಒಂದು ಗಂಡುಕೋಶ ಸೇರಿದಾಗ ಭ್ರೂಣಾಹಾರ ಹುಟ್ಟುತ್ತದೆ. ಅಕ್ಕಿಯ ಬಿಳಿ ಭಾಗ, ರಾಗಿಯ ಹಿಟ್ಟು, ತೆಂಗಿನ ಎಳನೀರು ಮತ್ತು ತಿರುಳು ಈ ಭ್ರೂಣಾಹಾರವೇ. ಮಧ್ಯಕೋಶದ ಪಕ್ಕದಲ್ಲಿರುವ ಅಂಡಕೋಶಕ್ಕೆ ಇನ್ನೊಂದು ಗಂಡುಕೋಶ ಸೇರಿದರೆ ಮುಂದಿನ ಗಿಡದ ಭ್ರೂಣ. ಈ ಎರಡು ಕೋಶಗಳಲ್ಲಿ ಯಾವ ಜೀನ್ ಯಾವಾಗ ಕೆಲಸಕ್ಕೆ ಇಳಿಯುತ್ತದೆ, ಯಾವುದು ಸುಮ್ಮನಿರುತ್ತದೆ, ಸುಮ್ಮನಿರುವಂತೆ ಮಾಡುವುದು ಯಾವುದು ಎನ್ನುವುದು ಈ ಉಪನ್ಯಾಸದ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬೀಜವನ್ನು ಬೆಳೆಸುವ ಸಾಮರ್ಥ್ಯ ಹೆಣ್ಣುಕೋಶಕ್ಕೆ ಹೊರಗಿನಿಂದ ಬರುವುದಿಲ್ಲ, ಅದು ಒಳಗೇ ಇದೆ. ಹೊತ್ತು ಬರುವ ತನಕ ಅದನ್ನು ತಡೆದು ಹಿಡಿಯುವುದೇ ಅಲ್ಲಿನ ಜೀನ್‌ಗಳ ಅತಿ ದೊಡ್ಡ ಕೆಲಸ. ಈ ತಡೆಯನ್ನು ಅರಿತರೆ ಹೊಂಗೆಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ಬೀಜ ಏಕೆ, ಕರಾವಳಿಯ ಒಲೂರು ಮಾವಿನ ಒಂದು ಓಟೆಯಿಂದ ಹಲವು ಸಸಿ ಏಕೆ, ಹೈಬ್ರಿಡ್ ಬೀಜವನ್ನು ರೈತ ವರ್ಷ ವರ್ಷ ಏಕೆ ಕೊಳ್ಳಬೇಕು ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಎಳೆಗೆ ಬಂದು ಸೇರುತ್ತವೆ.

ಹೆಣ್ಣು ಎಂದರೆ ಹೊಲ, ಗಂಡು ಎಂದರೆ ಬೀಜ ಎಂಬ ಎಣಿಕೆ ನಮ್ಮಲ್ಲಿ ಬಹಳ ಹಳೆಯದು. ಮನುಸ್ಮೃತಿಯ 9ನೆಯ ಅಧ್ಯಾಯ ಬೀಜ ಮತ್ತು ಕ್ಷೇತ್ರದ ಮೇಲುಕೀಳನ್ನು ಚರ್ಚಿಸಿ ಸಂತಾನದ ಗುಣದ ಮಟ್ಟಿಗೆ ಬೀಜದ ಪಕ್ಷಕ್ಕೆ ಒಲಿಯುತ್ತದೆ. ಯುರೋಪಿನಲ್ಲೂ ಇದೇ ಎಣಿಕೆ ವಿಜ್ಞಾನದ ಉಡುಗೆಯಲ್ಲಿ ಬಂದಿತ್ತು. ಜೀವಕೋಶ ಸಿದ್ಧಾಂತದ ಪ್ರವರ್ತಕರಲ್ಲಿ ಒಬ್ಬನಾದ ಶ್ಲೈಡನ್, ಪರಾಗನಾಳದ ತುದಿಯೇ ಭ್ರೂಣವಾಗುತ್ತದೆ, ಅಂಡಕ ಅದಕ್ಕೆ ಜಾಗ ಮತ್ತು ಊಟ ಕೊಡುವ ಗೂಡು ಮಾತ್ರ ಎಂದು 1837ರಲ್ಲಿ ವಾದಿಸಿದ. ಇಟಲಿಯ ಅಮೀಚಿ ಸೀತಾಳೆ ಜಾತಿಯ ಹೂಗಳಲ್ಲಿ ಪರಾಗನಾಳ ಬರುವ ಮೊದಲೇ ಭ್ರೂಣಚೀಲದಲ್ಲಿ ಒಂದು ಕೋಶ ಸಿದ್ಧವಾಗಿ ಕಾದಿರುವುದನ್ನು ತೋರಿಸಿದ. 1849ರಲ್ಲಿ ಹೋಫ್‌ಮೈಸ್ಟರ್ ಅನೇಕ ಗಿಡಗಳನ್ನು ಪರೀಕ್ಷಿಸಿ ಅದನ್ನು ಖಚಿತಪಡಿಸಿದ ಮೇಲೆ ಶ್ಲೈಡನ್ನನ ವಾದ ಬಿದ್ದಿತು. 1898ರಲ್ಲಿ ರಷ್ಯದ ನವಾಶಿನ್ ಲಿಲ್ಲಿ ಹೂವಿನಲ್ಲಿ ಎರಡು ಗಂಡುಕೋಶಗಳು ಎರಡು ಬೇರೆ ಹೆಣ್ಣುಕೋಶಗಳನ್ನು ಕೂಡುವುದನ್ನು ಕಂಡ. ಇದೇ ಇಮ್ಮಡಿ ನಿಷೇಚನ. ಲೆಕ್ಕ ಹಾಕಿ ನೋಡಿ: ಬೀಜದ ಸಿಪ್ಪೆ ಪೂರ್ತಿ ತಾಯಿಯದು. ಭ್ರೂಣಾಹಾರದಲ್ಲಿ ಎರಡು ಪಾಲು ತಾಯಿಯದು, ಒಂದು ಪಾಲು ತಂದೆಯದು. ಭ್ರೂಣ ಮಾತ್ರ ಸಮಪಾಲು. ಹೊಲವೆಂದು ನಾವು ಕರೆದದ್ದೇ ಬೀಜದ ಬಹುಭಾಗ.

ಭ್ರೂಣಚೀಲದ ರಚನೆಯನ್ನು ಕಾಣಿಸಿಕೊಟ್ಟವರಲ್ಲಿ ನಮ್ಮವರಿಗೆ ದೊಡ್ಡ ಸ್ಥಾನವಿದೆ. ದೆಹಲಿಯ ಪಂಚಾನನ ಮಾಹೇಶ್ವರಿ 1950ರಲ್ಲಿ ಪ್ರಕಟಿಸಿದ ಆವೃತಬೀಜಗಳ ಭ್ರೂಣಶಾಸ್ತ್ರದ ಗ್ರಂಥ ಜಗತ್ತಿನ ವಿದ್ಯಾರ್ಥಿಗಳಿಗೆಲ್ಲ ಪಠ್ಯವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಬಿ.ಜಿ.ಎಲ್. ಸ್ವಾಮಿಯವರನ್ನು ಕನ್ನಡಿಗರು ‘ಹಸುರು ಹೊನ್ನು’ವಿನ ಲೇಖಕರೆಂದು ಬಲ್ಲರು. ಸಸ್ಯವಿಜ್ಞಾನಿಗಳು ಅವರನ್ನು ಬಲ್ಲುದು ಭ್ರೂಣಶಾಸ್ತ್ರಜ್ಞರೆಂದು. ಸೀತಾಳೆ ಕುಟುಂಬದ ಭ್ರೂಣಚೀಲ ಮತ್ತು ಭ್ರೂಣದ ಮೇಲೆ ಅವರ ವಿಸ್ತಾರವಾದ ಲೇಖನಗಳು 1949ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಬಂದವು. ಅಂಡಕವನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಹೋಳು ಹೋಳಾಗಿ ಜೋಡಿಸಿ ನೋಡುವ ಆ ಕೆಲಸಕ್ಕೆ ಅಪಾರ ತಾಳ್ಮೆ ಬೇಕಿತ್ತು. ಆ ತಲೆಮಾರಿನವರು ನಮಗೆ ಬಿಟ್ಟುಹೋದ ಚಿತ್ರ ಇದು: ಹೆಚ್ಚಿನ ಹೂಗಿಡಗಳಲ್ಲಿ ಅಂಡಕದ ಒಂದು ತಾಯಿಕೋಶ ಮಿಯಾಸಿಸ್‌ನಿಂದ, ಅಂದರೆ ಜೀನ್‌ಗಳನ್ನು ಬೆರೆಸಿ ಅರ್ಧಕ್ಕೆ ಇಳಿಸುವ ಕೋಶವಿಭಜನೆಯಿಂದ, ನಾಲ್ಕಾಗುತ್ತದೆ, ಮೂರು ಸಾಯುತ್ತವೆ. ಉಳಿದದ್ದರ ಕೇಂದ್ರ ಮೂರು ಸಲ ಇಬ್ಭಾಗವಾಗಿ ಎಂಟಾಗುತ್ತದೆ. ಈ ಎಂಟು ಕೇಂದ್ರಗಳು ಏಳು ಕೋಶಗಳಲ್ಲಿ ಹಂಚಿಹೋಗುತ್ತವೆ: ಒಂದು ಅಂಡಕೋಶ, ಎರಡು ಸಹಾಯಕ ಕೋಶ, ಎರಡು ಕೇಂದ್ರಗಳಿರುವ ಒಂದು ಮಧ್ಯಕೋಶ, ಇನ್ನೊಂದು ತುದಿಯಲ್ಲಿ ಮೂರು ಪ್ರತಿಪಾದ ಕೋಶ. ಸೀತಾಳೆಗಳ ವಿಷಯದಲ್ಲಿ ಇನ್ನೊಂದು ಸಂಗತಿ ನನ್ನ ವಾದಕ್ಕೆ ನೇರ ಸಾಕ್ಷಿ. ಅವುಗಳಲ್ಲಿ ಅನೇಕವು ಹೂ ಅರಳಿದಾಗ ಪೂರ್ತಿ ಬೆಳೆದ ಅಂಡಕವನ್ನು ಹೊಂದಿರುವುದೇ ಇಲ್ಲ. ಪರಾಗ ಬಿದ್ದ ಸುದ್ದಿ ಮುಟ್ಟಿದ ಮೇಲೆ ಅಂಡಕ ಬೆಳೆಯತೊಡಗುತ್ತದೆ. ಸಿದ್ಧತೆಯನ್ನೇ ತಡೆದಿಟ್ಟುಕೊಳ್ಳುವ ಗಿಡಗಳಿವು.

ಏಳು ಕೋಶಗಳೂ ಒಂದೇ ಕೋಶದ ಮಕ್ಕಳು. ಡಿಎನ್‌ಎ ಏಳರಲ್ಲೂ ಒಂದೇ. ಹೀಗಿದ್ದೂ ಒಂದು ಭ್ರೂಣದ ತಾಯಾಗುತ್ತದೆ, ಇನ್ನೊಂದು ಆಹಾರವಾಗುತ್ತದೆ, ಎರಡು ಪರಾಗನಾಳವನ್ನು ಕರೆತರುವ ಕೆಲಸ ಮಾಡಿ ಮರೆಯಾಗುತ್ತವೆ. ವ್ಯತ್ಯಾಸ ಇರುವುದು ಜೀನ್‌ಗಳಲ್ಲಲ್ಲ, ಅವು ನುಡಿಯುವುದರಲ್ಲಿ. ಒಂದು ಜೀನ್ ಕೆಲಸಕ್ಕೆ ಇಳಿಯುವುದೆಂದರೆ ಡಿಎನ್‌ಎಯ ಆ ಭಾಗದಿಂದ ಆರ್‌ಎನ್‌ಎ ಪ್ರತಿ ತಯಾರಾಗಿ, ಹೆಚ್ಚಾಗಿ ಅದರಿಂದ ಪ್ರೊಟೀನ್ ತಯಾರಾಗುವುದು. ಇದೇ ಜೀನ್ ಅಭಿವ್ಯಕ್ತಿ. ಸ್ವಾಮಿಯವರ ಕಾಲಕ್ಕೆ ಕೋಶದ ಆಕಾರ ಕಾಣುತ್ತಿತ್ತು, ಅದರ ನುಡಿ ಕೇಳುತ್ತಿರಲಿಲ್ಲ. 2000ದಲ್ಲಿ ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಪೂರ್ತಿ ಜೀನೋಮ್ ತಿಳಿಯಿತು, 2005ರಲ್ಲಿ ಭತ್ತದ್ದು. ಲೇಸರ್ ಕಿರಣದಿಂದ ಅಂಡಕದ ಹೋಳಿನಿಂದ ಅಂಡಕೋಶವೊಂದನ್ನೇ ಕತ್ತರಿಸಿ ತೆಗೆದು ಅದರ ಆರ್‌ಎನ್‌ಎಯನ್ನು ಓದುವ ಉಪಾಯ ಬಂತು. ಇದಕ್ಕೆ ತುಸು ಹಿಂದಿನಿಂದ ಈವರೆಗೆ ಸಿಕ್ಕ ಫಲಿತಾಂಶಗಳಲ್ಲಿ ಮತ್ತೆ ಮತ್ತೆ ಕಾಣುವುದು ತಡೆಯ ಕಥೆಯೇ.

ಮೊದಲ ತಡೆ ಅಂಡಕದ ಸುತ್ತಲಿನ ಕೋಶಗಳಲ್ಲಿದೆ. ತಾಯಿಕೋಶ ಒಂದೇ ಏಕೆ? ಪಕ್ಕದ ಕೋಶಗಳಿಗೆ ಆ ಯೋಗ್ಯತೆ ಇಲ್ಲವೆಂದೇ? 2010ರಲ್ಲಿ ಮೆಕ್ಸಿಕೊದ ವೀಯೆ-ಕಲ್ಸಾದಾ ಅವರ ತಂಡ ಎಜಿಓ9 ಎಂಬ ಜೀನ್ ಕೆಟ್ಟ ಅರಬಿಡಾಪ್ಸಿಸ್ ಗಿಡಗಳನ್ನು ನೋಡಿತು. ಅವುಗಳ ಅನೇಕ ಅಂಡಕಗಳಲ್ಲಿ ತಾಯಿಕೋಶದಂಥ ಹಲವು ಕೋಶಗಳು ತಲೆಯೆತ್ತಿದ್ದವು, ಕೆಲವು ಮಿಯಾಸಿಸ್ ಇಲ್ಲದೆಯೇ ಭ್ರೂಣಚೀಲದ ಹಾದಿ ಹಿಡಿದಿದ್ದವು. ಈ ಜೀನ್ ನುಡಿಯುವುದು ತಾಯಿಕೋಶದಲ್ಲಲ್ಲ, ಅದರ ಅಕ್ಕಪಕ್ಕದಲ್ಲಿ. ಚಿಕ್ಕ ಆರ್‌ಎನ್‌ಎ ತುಣುಕುಗಳ ನೆರವಿನಿಂದ ಅದು ನೆರೆಯ ಕೋಶಗಳನ್ನು ಹಿಂದೆ ನಿಲ್ಲಿಸುತ್ತದೆ. ಎರಡನೆಯ ತಡೆ ಭ್ರೂಣಚೀಲದ ಒಳಗೆ. 2007ರಲ್ಲಿ ವರದಿಯಾದ ಲ್ಯಾಕಿಸಿಸ್ ಎಂಬ ಜೀನ್ ಕೆಟ್ಟರೆ ಸಹಾಯಕ ಕೋಶ, ಮಧ್ಯಕೋಶಗಳೂ ಅಂಡಕೋಶದ ಗುಣಗಳನ್ನು ತಾಳುತ್ತವೆ. ಅಂದರೆ ಏಳರಲ್ಲಿ ಹಲವಕ್ಕೆ ಅಂಡವಾಗುವ ಶಕ್ತಿ ಇದೆ, ಒಂದು ಅಂಡವಾದ ಮೇಲೆ ಉಳಿದವು ತಡೆಯಲ್ಪಡುತ್ತವೆ.

ಮೂರನೆಯ ತಡೆ ಎಲ್ಲಕ್ಕಿಂತ ಸ್ಪಷ್ಟ. 1997 ಮತ್ತು 1998ರಲ್ಲಿ ಆಸ್ಟ್ರೇಲಿಯಾದ ಚೌಧುರಿ ಮತ್ತು ಸಂಗಡಿಗರು, ಗ್ರಾಸ್‌ನಿಕ್ಲಾಸ್ ಮತ್ತು ಸಂಗಡಿಗರು ವಿವರಿಸಿದ ಫಿಸ್ ಗುಂಪಿನ ಜೀನ್‌ಗಳು, ಅವುಗಳಲ್ಲಿ ಮೀಡಿಯಾ ಎಂಬುದೂ ಒಂದು, ಮಧ್ಯಕೋಶದಲ್ಲಿ ಇತರ ಜೀನ್‌ಗಳನ್ನು ಬಾಯಿಮುಚ್ಚಿಸುವ ಪ್ರೊಟೀನ್ ಕೂಟವನ್ನು ಕಟ್ಟುತ್ತವೆ. ಈ ಜೀನ್‌ಗಳು ಕೆಟ್ಟ ಗಿಡದಲ್ಲಿ ಪರಾಗವೇ ಸೋಕದಿದ್ದರೂ ಮಧ್ಯಕೋಶ ಒಡೆದು ಭ್ರೂಣಾಹಾರ ಬೆಳೆಯತೊಡಗುತ್ತದೆ. ಭ್ರೂಣವಿಲ್ಲದ ಆ ಬೀಜ ಕೊನೆಗೆ ಮುರುಟಿ ಹೋಗುತ್ತದೆ. ಊಟ ತಯಾರು, ಉಣ್ಣುವವರಿಲ್ಲ! ಗಂಡುಕೋಶ ಬರುವ ತನಕ ಅಡುಗೆಗೆ ಒಲೆ ಹಚ್ಚದಂತೆ ನೋಡಿಕೊಳ್ಳುವ ಜೀನ್‌ಗಳಿವು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೀಡಿಯಾ ಜೀನಿನ ತಾಯಿಯ ಪ್ರತಿ ಮಾತ್ರ ಭ್ರೂಣಾಹಾರದಲ್ಲಿ ನುಡಿಯುತ್ತದೆ, ತಂದೆಯದು ಮೌನ. ತಾಯಿಯ ಪ್ರತಿಯನ್ನು ಮೌನವಾಗಿಡುವ ಮೀಥೈಲ್ ಗುರುತುಗಳನ್ನು ಡಿಮೀಟರ್ ಎಂಬ ಜೀನ್ ಮಧ್ಯಕೋಶದಲ್ಲಿ ಅಳಿಸುವುದರಿಂದ ಹೀಗಾಗುತ್ತದೆ ಎಂದು ಮುಂದೆ ತಿಳಿಯಿತು. ಒಂದೇ ಜೀನ್ ತಾಯಿಯಿಂದ ಬಂತೋ ತಂದೆಯಿಂದ ಬಂತೋ ಎಂಬುದರ ಮೇಲೆ ಬೇರೆಯಾಗಿ ನಡೆದುಕೊಳ್ಳುವ ಈ ಗುಣವನ್ನು ಕರ್ಮಿಕಲ್ 1970ರಲ್ಲೇ ಮುಸುಕಿನ ಜೋಳದ ಕಾಳಿನ ಬಣ್ಣದಲ್ಲಿ ತೋರಿಸಿದ್ದರು.

ತಾಯಿ ತಡೆಯುವುದೇಕೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕೆ.ಎನ್. ಗಣೇಶಯ್ಯ ಮುಂಚೂಣಿಯವರು. ಕಾದಂಬರಿಕಾರ ಗಣೇಶಯ್ಯ ಕನ್ನಡದ ಓದುಗರಿಗೆ ಚಿರಪರಿಚಿತರು. ಕಮಲ್ ಬಾವಾ ಅವರೊಂದಿಗೆ ಇಬ್ಬರೂ 1988ರಲ್ಲಿ ಗಿಡಗಳಲ್ಲಿ ತಾಯಿ–ಮಕ್ಕಳ ನಡುವಿನ ತಿಕ್ಕಾಟ ಮತ್ತು ಒಡಹುಟ್ಟಿದವರ ಪೈಪೋಟಿಯ ಬಗ್ಗೆ ಬರೆದ ಸಮೀಕ್ಷೆ ಜಗತ್ತಿನ ಗಮನ ಸೆಳೆಯಿತು. ನಮ್ಮ ಬೀದಿಬದಿಯ ಹೊಂಗೆಯನ್ನೇ ತೆಗೆದುಕೊಳ್ಳಿ. ಅದರ ಅಂಡಾಶಯದಲ್ಲಿ ಎರಡು ಅಂಡಕಗಳಿವೆ, ಕಾಯಿ ಬಿಡಿಸಿದರೆ ಹೆಚ್ಚಾಗಿ ಸಿಗುವುದು ಒಂದೇ ಬೀಜ. 1999ರಲ್ಲಿ ಅದೇ ತಂಡ ಪ್ರಕಟಿಸಿದ ಅಧ್ಯಯನದಂತೆ ಪರಾಗದ ಕೊರತೆಯಿಂದ ಹೀಗಾಗುವುದಲ್ಲ. ಹೂವಿನ ತುದಿಗೆ ಹತ್ತಿರದ ಬೀಜ ಮುಂದೆ ಹೋಗಿ ಬುಡದ ಕಡೆಯ ಬೀಜವನ್ನು ಹತ್ತಿಕ್ಕುತ್ತದೆ. ಬೀಟೆಯ ಬಳಗದ ಸಿಸ್ಸೂ ಮರದಲ್ಲಿ, ನೇರಳೆಯಲ್ಲಿ ಅವರು ಇಂಥದೇ ಪೈಪೋಟಿಯನ್ನು ಕಂಡರು. ಪ್ರತಿಯೊಂದು ಮರಿಯೂ ತಾಯಿಯಿಂದ ಆದಷ್ಟು ಹೆಚ್ಚು ಎಳೆದುಕೊಳ್ಳಲು ನೋಡುತ್ತದೆ, ತಾಯಿಗೋ ಎಲ್ಲ ಮಕ್ಕಳ ಲೆಕ್ಕ. ಒಂದೇ ಮರದ ಬೀಜಗಳಿಗೆ ತಂದೆ ಬೇರೆ ಬೇರೆಯಾಗಿರಬಹುದಾದ್ದರಿಂದ, ತಂದೆಯ ಕಡೆಯ ಜೀನ್‌ಗಳಿಗೆ ಪಕ್ಕದ ಬೀಜದ ಚಿಂತೆ ಕಡಿಮೆ. ಹೇಗ್ ಮತ್ತು ವೆಸ್ಟೊಬಿ 1989ರಲ್ಲಿ ಇದೇ ತರ್ಕವನ್ನು ಭ್ರೂಣಾಹಾರದ ಜೀನ್‌ಗಳಿಗೆ ಅನ್ವಯಿಸಿದರು: ತಂದೆಯ ಪ್ರತಿ ಬೆಳವಣಿಗೆಯನ್ನು ತಳ್ಳುತ್ತದೆ, ತಾಯಿಯ ಪ್ರತಿ ಹಿಡಿದು ನಿಲ್ಲಿಸುತ್ತದೆ. ಸುಮಾರು ಹತ್ತು ವರ್ಷಗಳ ನಂತರ ಸಿಕ್ಕ ಮೀಡಿಯಾ ಜೀನ್ ಈ ನಿರೀಕ್ಷೆಗೆ ಹೊಂದಿ ಬಂತು. ಹೊಂಗೆಮರದ ಕೆಳಗೆ ಕಾಯಿ ಎಣಿಸಿದ ಪರಿಸರ ವಿಜ್ಞಾನವೂ ಪ್ರಯೋಗಾಲಯದಲ್ಲಿ ಆರ್‌ಎನ್‌ಎ ಓದಿದ ಅಣುವಿಜ್ಞಾನವೂ ಒಂದೇ ಮಾತಿಗೆ ಬಂದು ನಿಂತದ್ದು ನನಗೆ ಈ ವಿಷಯದ ಅತ್ಯಂತ ಬಲವಾದ ಸಾಕ್ಷ್ಯವಾಗಿ ಕಾಣುತ್ತದೆ.

ನಾಲ್ಕನೆಯ ತಡೆ ಅಂಡಕೋಶದ್ದೇ. ಭತ್ತದಲ್ಲಿ ಬಿಬಿಎಂ1 ಎಂಬ ಜೀನ್ ಭ್ರೂಣವನ್ನು ಹೊರಡಿಸುತ್ತದೆ. ನಿಷೇಚನವಾದ ಕೂಡಲೇ ನುಡಿಯುವುದು ಅದರ ತಂದೆಯ ಪ್ರತಿ. ಅಂಡಕೋಶದಲ್ಲೂ ಇದೇ ಜೀನ್ ಇದೆ, ಆದರೆ ಅದು ಮೌನ. ಕ್ಯಾಲಿಫೋರ್ನಿಯಾದ ವೆಂಕಟೇಶನ್ ಸುಂದರೇಶನ್ ಅವರ ತಂಡ 2019ರಲ್ಲಿ ಅಂಡಕೋಶದಲ್ಲೇ ಈ ಜೀನ್ ನುಡಿಯುವಂತೆ ಮಾಡಿತು. ಗಂಡುಕೋಶ ಸೇರದೆಯೇ ಭ್ರೂಣ ಹುಟ್ಟಿತು. ಆ ಪ್ರಬಂಧದ ಮೊದಲ ಲೇಖಕ ಇಮ್ತಿಯಾಜ್ ಖಾಂಡೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್) ಉಷಾ ವಿಜಯರಾಘವನ್ ಅವರೊಂದಿಗೆ ಭತ್ತದ ಹೂವಿನ ಜೀನ್‌ಗಳ ಮೇಲೆ ಕೆಲಸ ಮಾಡಿದ್ದವರು. 2022ರಲ್ಲಿ ಇನ್ನೊಂದು ತಂಡ ಡ್ಯಾಂಡೆಲಿಯನ್ ಎಂಬ ಕಳೆಗಿಡದಲ್ಲಿ ಪಾರ್ ಎಂಬ ಜೀನನ್ನು ಗುರುತಿಸಿತು. ಪರಾಗದಲ್ಲಿ ನುಡಿಯಬೇಕಾದ ಆ ಜೀನ್, ಅದರ ಮುಂದೆ ಬಂದು ಕೂತ ಒಂದು ಅಲೆಮಾರಿ ಡಿಎನ್‌ಎ ತುಣುಕಿನ ದೆಸೆಯಿಂದ ಅಂಡಕೋಶದಲ್ಲಿ ನುಡಿಯತೊಡಗಿದ್ದರಿಂದ ಆ ಕಳೆ ತಂದೆಯಿಲ್ಲದೆ ಬೀಜ ಕಟ್ಟುತ್ತದೆ. ಎರಡು ಬೇರೆ ಗಿಡ, ಎರಡು ಬೇರೆ ಜೀನ್, ಪಾಠ ಒಂದೇ. ಭ್ರೂಣ ಕಟ್ಟಲು ಬೇಕಾದದ್ದೆಲ್ಲ ಅಂಡಕೋಶದಲ್ಲಿದೆ. ಗಂಡುಕೋಶ ತನ್ನ ಪಾಲಿನ ಜೀನ್‌ಗಳ ಜೊತೆಗೆ ತರುವುದು ಹೊರಡುವ ಅಪ್ಪಣೆಯನ್ನು.

ಕರಾವಳಿಯ ರೈತರು ಈ ತಡೆ ಸಡಿಲವಾದ ಮರಗಳನ್ನು ತಲೆಮಾರುಗಳಿಂದ ಬಲ್ಲರು. ಬಾದಾಮಿ, ರಸಪುರಿ ಮಾವಿನ ಓಟೆ ಹೂತರೆ ಒಂದೇ ಸಸಿ, ಅದರ ಹಣ್ಣು ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಕಸಿ ಕಟ್ಟುವುದು. ಪಶ್ಚಿಮ ಕರಾವಳಿಯ ಒಲೂರು, ಬಪ್ಪಕಾಯಿ, ಚಂದ್ರಕಾರನ್ ತಳಿಗಳ ಓಟೆಯಿಂದ ಹಲವು ಸಸಿಗಳು ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಅಂಡಕದ ಒಳಗಿನ, ಆದರೆ ಭ್ರೂಣಚೀಲದ ಹೊರಗಿನ ತಾಯಿಯ ಕೋಶಗಳೇ ಅಲ್ಲಿ ಭ್ರೂಣಗಳಾಗುತ್ತವೆ. ಕೊಡಗಿನ ಕಿತ್ತಳೆಯಲ್ಲೂ ಇದೇ ಗುಣವಿದೆ. ಕಿತ್ತಳೆ–ನಿಂಬೆ ಬಳಗದಲ್ಲಿ ಇದಕ್ಕೆ ಕಾರಣವಾದ ಜೀನನ್ನು 2017ರಲ್ಲಿ ಗುರುತಿಸಿದಾಗ ಅಲ್ಲಿಯೂ ಜೀನಿನ ಮುಂದೆ ಸೇರಿಕೊಂಡ ಅಲೆಮಾರಿ ತುಣುಕೇ ಕಂಡಿತು.

ಈಗ ಆಕ್ಷೇಪಗಳಿಗೆ ಬರೋಣ. ಹೆಣ್ಣುಕೋಶವನ್ನು ತಡೆಯ ಮೂಲಕವೇ ವಿವರಿಸಿದರೆ ಅದು ಮಾಡುವ ಕ್ರಿಯೆಗಳನ್ನು ಮರೆತಂತಾಗುವುದಿಲ್ಲವೇ ಎಂಬುದು ಮೊದಲನೆಯದು. ನ್ಯಾಯವಾದ ಪ್ರಶ್ನೆ. ಜಪಾನಿನ ಹಿಗಾಶಿಯಾಮಾ 2001ರಲ್ಲಿ ಟೊರೇನಿಯಾ ಹೂವಿನ ಸಹಾಯಕ ಕೋಶಗಳನ್ನು ಲೇಸರ್‌ನಿಂದ ಸುಟ್ಟಾಗ ಪರಾಗನಾಳ ದಾರಿ ತಪ್ಪಿತು. ಆ ಕೋಶಗಳು ಲ್ಯೂರ್ ಎಂಬ ಚಿಕ್ಕ ಪ್ರೊಟೀನುಗಳನ್ನು ಸ್ರವಿಸಿ ನಾಳವನ್ನು ಕರೆಯುತ್ತವೆಂದು 2009ರಲ್ಲಿ ತೋರಿಸಿದರು. ಗಂಡುಕೋಶಗಳು ಬಂದಾಗ ಅಂಡಕೋಶ ಇಸಿ1 ಎಂಬ ಪ್ರೊಟೀನನ್ನು ಹೊರಬಿಟ್ಟು ಅವನ್ನು ಕೂಡುವುದಕ್ಕೆ ಸಿದ್ಧಗೊಳಿಸುತ್ತದೆ. ಆದರೆ ಇದೇ ಸಹಾಯಕ ಕೋಶ, ನಿಷೇಚನ ಮುಗಿದ ಮೇಲೆ ಭ್ರೂಣಾಹಾರದೊಳಗೆ ಕರಗಿ ತನ್ನ ಕರೆಯನ್ನು ನಿಲ್ಲಿಸುತ್ತದೆ. ಎರಡನೆಯ ನಾಳ ಬರಬಾರದಲ್ಲ. ಕರೆಯುವುದೂ ನಿಲ್ಲಿಸುವುದೂ ಒಂದೇ ಕೆಲಸದ ಎರಡು ಮುಖ. ನಾನು ಹೇಳುವ ತಡೆ ನಿಷ್ಕ್ರಿಯತೆ ಅಲ್ಲವೇ ಅಲ್ಲ. ಅದು ಪ್ರೊಟೀನು, ಆರ್‌ಎನ್‌ಎಗಳನ್ನು ವ್ಯಯಿಸಿ ಕ್ಷಣಕ್ಷಣವೂ ನಡೆಸಬೇಕಾದ ದುಡಿಮೆ. ಜೀನ್ ಕೆಟ್ಟ ಕೂಡಲೇ ತಡೆ ಒಡೆಯುವುದು ಅದಕ್ಕೆ ಪುರಾವೆ.

ಅರಬಿಡಾಪ್ಸಿಸ್ ಎಂಬ ಒಂದು ಗಿಡದಿಂದ ಎಲ್ಲ ಹೂಗಿಡಗಳ ಮಾತು ಹೇಳಬಹುದೇ ಎಂಬುದು ಎರಡನೆಯದು. ವಿವರಗಳು ಗಿಡದಿಂದ ಗಿಡಕ್ಕೆ ಬೇರೆ ಎಂಬುದು ನಿಜ. ಆದರೆ ಭತ್ತ ಮತ್ತು ಡ್ಯಾಂಡೆಲಿಯನ್‌ಗಳ ವಂಶ ಬೇರೆಯಾಗಿ ಹತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಅಷ್ಟು ದೂರದ ಎರಡು ಬಳಗಗಳಲ್ಲೂ ಅಂಡಕೋಶದ ಮೌನ ಮುರಿದರೆ ಭ್ರೂಣ ಹೊರಡುತ್ತದೆ ಎಂದಾದರೆ, ತಡೆ ಎಂಬ ನಿಯಮ ವ್ಯಾಪಕ ಎನ್ನಲು ಆಧಾರವಿದೆ. ಮೂರನೆಯ ಆಕ್ಷೇಪ ಇನ್ನೂ ಗಂಭೀರ: ಹೆಣ್ಣು ತಡೆದುಕೊಳ್ಳಬೇಕು ಎಂಬ ಹಳೆಯ ಉಪದೇಶಕ್ಕೆ ಇದು ವಿಜ್ಞಾನದ ಮುದ್ರೆ ಒತ್ತಿದಂತಾಗದೇ? ಖಂಡಿತ ಆಗಕೂಡದು. ಮನುಷ್ಯ ಸಮಾಜದ ಎಣಿಕೆಯನ್ನು ಹೂವಿನ ಮೇಲೆ ಹೇರಿದ್ದೇ ಶ್ಲೈಡನ್ ಕಾಲದ ತಪ್ಪು. ಹೂವಿನ ಸಂಗತಿಯನ್ನು ಮನುಷ್ಯರ ಮೇಲೆ ಹೇರುವುದು ಅದೇ ತಪ್ಪಿನ ಇನ್ನೊಂದು ಮಗ್ಗುಲು. ಗಿಡದ ಕೋಶದಿಂದ ಹೆಣ್ಣುಮಕ್ಕಳ ಬಾಳಿಗೆ ಯಾವ ನಿಯಮವೂ ಹುಟ್ಟುವುದಿಲ್ಲ. ಹೊಲ–ಬೀಜದ ಹೋಲಿಕೆಗೆ ಗಿಡದಲ್ಲೂ ಆಧಾರವಿಲ್ಲ ಎಂಬಷ್ಟನ್ನು ಮಾತ್ರ ಈ ಜ್ಞಾನ ನಿಸ್ಸಂಶಯವಾಗಿ ಹೇಳುತ್ತದೆ.

ಕೊನೆಯ ಆಕ್ಷೇಪ ಹೊಲದಿಂದ ಬರುತ್ತದೆ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹತ್ತಿಯನ್ನು ಕೊಟ್ಟ ಕಾಲದಿಂದ ಕರ್ನಾಟಕ ಹೈಬ್ರಿಡ್ ಬೀಜದ ನಾಡು. ರಾಣೆಬೆನ್ನೂರಿನ ಸುತ್ತಮುತ್ತ ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಸೋಕಿಸಿ ಹತ್ತಿಯ ಬೀಜ ಮಾಡಿಕೊಡುತ್ತಾರೆ. ಹೈಬ್ರಿಡ್ ಗಿಡ ಬಿಟ್ಟ ಬೀಜವನ್ನು ಮತ್ತೆ ಬಿತ್ತಿದರೆ ಗುಣ ಚದುರುತ್ತದೆ, ಆದ್ದರಿಂದ ಪ್ರತಿ ವರ್ಷ ಹೊಸ ಬೀಜ. ಹೈದರಾಬಾದಿನ ಸಿಸಿಎಂಬಿಯಲ್ಲಿ ಇಮ್ರಾನ್ ಸಿದ್ದಿಕಿಯವರ ತಂಡ 2008ರಲ್ಲಿ ಮಿಯಾಸಿಸ್ ಇಲ್ಲದೆ ಅಂಡಕೋಶ ಹುಟ್ಟುವುದನ್ನು ಅರಬಿಡಾಪ್ಸಿಸ್‌ನಲ್ಲಿ ತೋರಿಸಿತು. ಇಂಥ ಅಂಡಕೋಶಕ್ಕೆ ಬಿಬಿಎಂ1ರ ನುಡಿ ಸೇರಿದರೆ ಹೈಬ್ರಿಡ್ ಗಿಡ ತನ್ನದೇ ಪಡಿಯಚ್ಚನ್ನು ಬೀಜದಲ್ಲಿ ಕೊಡುತ್ತದೆ. 2022ರಲ್ಲಿ ಹೈಬ್ರಿಡ್ ಭತ್ತದಲ್ಲಿ ಇದು ಶೇಕಡಾ 95ಕ್ಕೂ ಹೆಚ್ಚು ಬೀಜಗಳಲ್ಲಿ ಸಾಧ್ಯವಾಯಿತು. ಇದರಿಂದ ಹೊಲವೆಲ್ಲ ಒಂದೇ ಅಚ್ಚಾಗಿ ವೈವಿಧ್ಯ ಸಾಯುವುದಿಲ್ಲವೇ, ಹಕ್ಕು ಕಂಪನಿಗಳ ಕೈಸೇರುವುದಿಲ್ಲವೇ ಎಂಬ ಭಯ ಸಕಾರಣ. ನಾನು ಅದನ್ನು ಒಪ್ಪುತ್ತೇನೆ, ಆದರೆ ಅದರಿಂದ ಜ್ಞಾನವನ್ನೇ ದೂರವಿಡಬೇಕು ಎಂಬ ತೀರ್ಮಾನವನ್ನು ಒಪ್ಪುವುದಿಲ್ಲ. ಗಿಡಗಳು ತಡೆಯನ್ನು ಇಷ್ಟು ಬಿಗಿಯಾಗಿ ಉಳಿಸಿಕೊಂಡು ಬಂದಿರುವುದಕ್ಕೆ ದೊಡ್ಡ ಕಾರಣ ತಂದೆ–ತಾಯಿಯ ಜೀನ್‌ಗಳ ಬೆರಕೆಯಿಂದ ಬರುವ ವೈವಿಧ್ಯವೇ. ರೋಗ ಮತ್ತು ಬರದ ಎದುರು ಅದೇ ಆಸರೆ. ಆದ್ದರಿಂದ ತಡೆಯನ್ನು ಎಲ್ಲಿ ಸಡಿಲಿಸಬೇಕು, ಎಲ್ಲಿ ಕಾಪಾಡಬೇಕು ಎಂಬುದು ಒಂದೊಂದು ಬೆಳೆಗೂ ಬೇರೆ ಬೇರೆಯಾಗಿ ತೂಗಿ ನೋಡಬೇಕಾದ ಮಾತು. ಒಲೂರು ಮಾವಿನ ಪಡಿಯಚ್ಚು ಬೀಜ ಇಷ್ಟು ಕಾಲ ಯಾರ ಒಡೆತನವೂ ಆಗದೆ ರೈತರ ಕೈಯಲ್ಲೇ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಪಡಿಯಚ್ಚು ಬೀಜದ ತಂತ್ರ ನಮ್ಮ ಹೊಲಕ್ಕೆ ಬರುವ ಮುನ್ನ ಈ ಹಕ್ಕು ಅದಕ್ಕೂ ಅನ್ವಯಿಸುತ್ತದೆಂದು ಖಚಿತವಾಗಬೇಕು, ಮತ್ತು ಆ ತಂತ್ರವನ್ನು ಸಾರ್ವಜನಿಕ ಸಂಸ್ಥೆಗಳೇ ಬೆಳೆಸಬೇಕು.

ಇದಕ್ಕಾಗಿ ಕೇಳಬೇಕಾದದ್ದು ಬಹಳವಿಲ್ಲ. ಸ್ವಾಮಿಯವರ ಕಾಲದಲ್ಲಿ ನಮ್ಮ ಕಾಲೇಜುಗಳಿಗೆ ಹೆಮ್ಮೆ ತಂದ ಭ್ರೂಣಶಾಸ್ತ್ರಕ್ಕೆ ಮತ್ತೆ ಜಾಗ, ಹಣ, ಸಮಯ ಸಿಗಬೇಕು. ಕೋಶದ ಆಕಾರ ಗೊತ್ತಿಲ್ಲದವರಿಗೆ ಅದರ ಆರ್‌ಎನ್‌ಎ ಓದಿದರೂ ಅರ್ಥವಾಗದು. ಕರಾವಳಿಯ ಬಹುಭ್ರೂಣದ ಮಾವು, ಕೊಡಗಿನ ಕಿತ್ತಳೆಯ ಹಳೆಯ ಮರಗಳನ್ನು ರಸ್ತೆಗೂ ಬಡಾವಣೆಗೂ ಕಡಿಯುವ ಮೊದಲು ಸಂಗ್ರಹಿಸಬೇಕು. ಪ್ರಕೃತಿ ತಾನಾಗಿ ತಡೆ ಸಡಿಲಿಸಿದ ಪ್ರಯೋಗಗಳು ಅವು, ಕಳೆದುಕೊಂಡರೆ ಪ್ರಯೋಗಾಲಯದಲ್ಲಿ ಮತ್ತೆ ಹುಟ್ಟಿಸಲಾಗದು. ಶಾಲೆಯಲ್ಲಿ ಮಕ್ಕಳಿಗೆ ಹೂವಿನ ಪಾಠ ಹೇಳುವಾಗ ಪರಾಗ ಬಂದು ಅಂಡವನ್ನು ಎಬ್ಬಿಸಿತು ಎಂದಷ್ಟೇ ಹೇಳಿ ಮುಗಿಸದೆ, ಅಂಡವೇ ದಾರಿ ತೋರಿ, ಆರಿಸಿ, ತಡೆದು, ಹೊತ್ತು ಬಂದಾಗ ಬಿಟ್ಟುಕೊಡುವ ಜೀವಂತ ನಿರ್ಣಯಗಳ ತಾಣ ಎಂದು ಕಲಿಸಬೇಕು. ಅನ್ನ ಕೊಡುವ ಕೋಶವನ್ನು ಅರಿಯದ ನಾಡು ತನ್ನ ಅನ್ನದ ಮೇಲಿನ ಅಧಿಕಾರವನ್ನು ಬಹುಕಾಲ ಉಳಿಸಿಕೊಳ್ಳಲಾರದು. ಆ ಅರಿವನ್ನು ನಮ್ಮ ಭಾಷೆಯಲ್ಲಿ, ನಮ್ಮ ಮರಗಳ ಮೇಲೆ, ನಮ್ಮ ಸಾರ್ವಜನಿಕ ಸಂಸ್ಥೆಗಳಲ್ಲಿ ಬೆಳೆಸಿಕೊಳ್ಳುವ ಶಕ್ತಿ ಕರ್ನಾಟಕಕ್ಕೆ ಇದೆ ಎಂಬುದಕ್ಕೆ ಸ್ವಾಮಿ, ಗಣೇಶಯ್ಯ, ಉಮಾಶಂಕರ್, ಉಷಾ ವಿಜಯರಾಘವನ್ ಅವರ ಕೆಲಸವೇ ಸಾಕ್ಷಿ. ಅದನ್ನು ಮುಂದುವರಿಸುವ ಸಂಕಲ್ಪ ನಮ್ಮದಾಗಲಿ.